ಮಳೆಯ ಮೇಲಿನ ದೂರು

ನದಿ ಬತ್ತಿದಾಗ, ಮಕ್ಕಳ ಹಲ್ಲು ಕಂದಿದಾಗ, ಜ್ವರ ಬಿಟ್ಟಾಗ ನಮ್ಮ ಬಾಯಿಗೆ ಮೊದಲು ಬರುವ ಕಾರಣ ಒಂದಿರುತ್ತದೆ. ಅದನ್ನು ನಿಲ್ಲಿಸಿ ವಿಚಾರಣೆ ಮಾಡಿದರೆ ಏನು ಸಿಗುತ್ತದೆ? ಬೆಂಗಳೂರಿನ ಉತ್ತರಕ್ಕೆ ಹರಿಯುತ್ತಿದ್ದ ಅರ್ಕಾವತಿಯ ಕತೆಯಲ್ಲಿ ಇದಕ್ಕೆ ಉತ್ತರವಿದೆ.

ನಾಗಸಂದ್ರದ ಮಗ್ಗುಲಲ್ಲೇ ಇರುವ ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಬಲಕ್ಕೆ ಹೊರಳಿದರೆ ಹೆಸರಘಟ್ಟ ರಸ್ತೆ. ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿಗಳ ಕಡೆಯಿಂದ ಸಾಗಿ ಅದು ಕೆರೆಯ ಏರಿಯವರೆಗೆ ಹೋಗುತ್ತದೆ. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ಈ ದಿಕ್ಕಿನಿಂದಲೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಬಳಿ ಅರ್ಕಾವತಿಯ ನೀರನ್ನು ಹಿಡಿದಿಡುವ ಯೋಜನೆ ರೂಪುಗೊಂಡಿತು. ಎರಡು ವರ್ಷಗಳಲ್ಲಿ ನೀರು ಊರು ಮುಟ್ಟಿತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಮೇಲೆತ್ತಿ ದೂಡುತ್ತಿದ್ದವು. ಊರು ಬೆಳೆದು ಆ ನೀರು ಸಾಲದಾದಾಗ, ಸರ್ ಎಂ. ವಿಶ್ವೇಶ್ವರಯ್ಯ ನೇತೃತ್ವದ ಸಮಿತಿಯ ಸಲಹೆಯಂತೆ, ಅದೇ ನದಿಯ ಕೆಳಪಾತ್ರದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಎದ್ದಿತು. ಅದು ಪೂರ್ಣಗೊಂಡದ್ದು 1933ರಲ್ಲಿ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಮೇಲೆ ಹಾದು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಸೇರುವ ಈ ಸಣ್ಣ ನದಿ ದಶಕಗಳ ಕಾಲ ಒಂದು ಮಹಾನಗರಕ್ಕೆ ನೀರುಣಿಸಿತು.

ಈಗ ದಿಕ್ಕು ತಿರುಗಿದೆ. 1974ರಿಂದ ಬೆಂಗಳೂರು ಕುಡಿಯುತ್ತಿರುವುದು ಕಾವೇರಿಯನ್ನು. ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಆ ನೀರನ್ನು ಪಂಪ್ ಮಾಡಬೇಕು. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಕಾವೇರಿ ಐದನೇ ಹಂತ ನಗರದ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಒಂದು ಕಾಲಕ್ಕೆ ಇಡೀ ಊರಿಗೆ ನೀರು ಕೊಟ್ಟ ಉತ್ತರದ ಬಡಾವಣೆಗಳು ಇವತ್ತು ಬೇಸಿಗೆ ಬಂದರೆ ಟ್ಯಾಂಕರ್‌ಗೆ ಫೋನ್ ಮಾಡಿ ಕಾಯುತ್ತವೆ.

ಅರ್ಕಾವತಿಗೆ ಏನಾಯಿತು? ಟೀ ಅಂಗಡಿಯಲ್ಲಿ ಕೇಳಿ, ಹಳ್ಳಿಯ ಕಟ್ಟೆಯ ಮೇಲೆ ಕೇಳಿ, ಉತ್ತರ ಒಂದೇ: ‘ಮಳೆ ಎಲ್ಲಿದೆ ಸ್ವಾಮಿ, ಕಾಲ ಕೆಟ್ಟಿದೆ.’ ಈ ಉತ್ತರ ಹೇಳುವವರ ನೋವು ನಿಜ. ಆದರೆ ಉತ್ತರ ನಿಜವೇ? ಕಾರಣ ತಪ್ಪಾದರೆ ಮದ್ದೂ ತಪ್ಪಾಗುತ್ತದೆ. ಹಾಗಾಗಿ ಈ ಪ್ರಶ್ನೆ ವಿಜ್ಞಾನಿಗಳದ್ದಷ್ಟೇ ಅಲ್ಲ, ಕೊಡ ಹಿಡಿದು ನಿಂತವರೆಲ್ಲರದೂ ಹೌದು.

ಐದು ಆರೋಪಿಗಳು

ಜಕ್ಕೂರಿನಲ್ಲಿರುವ ಪರಿಸರ ಸಂಶೋಧನಾ ಸಂಸ್ಥೆ ‘ಏಟ್ರೀ’ಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅವರ ಪ್ರಬಂಧ 2015ರಲ್ಲಿ ಪ್ರಕಟವಾಯಿತು. ‘ಅರ್ಕಾವತಿ ನದಿ ಏಕೆ ಒಣಗುತ್ತಿದೆ?’ ಎಂಬ ನೇರ ಪ್ರಶ್ನೆಯೇ ಅದರ ತಲೆಬರಹ. ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಹರಿಸುವ 1,447 ಚದರ ಕಿಲೋಮೀಟರ್ ಪ್ರದೇಶ ಅವರ ಅಧ್ಯಯನದ ಕ್ಷೇತ್ರವಾಗಿತ್ತು. ಇಂಥ ಕಡೆ ಬೇಕಾದ ಅಳತೆಗಳು ಪೂರ್ತಿ ಸಿಗುವುದಿಲ್ಲ. ಹಾಗಾಗಿ ಮೊದಲೇ ಒಂದು ಕಾರಣ ನಂಬಿಕೊಂಡು ಅದಕ್ಕೆ ಸಾಕ್ಷಿ ಹುಡುಕುವ ದಾರಿಯನ್ನು ಅವರು ಬಿಟ್ಟರು. ಜನ ಹೇಳುವ ಕಾರಣಗಳನ್ನೂ ತಜ್ಞರು ಹೇಳುವ ಕಾರಣಗಳನ್ನೂ ಸಾಲಾಗಿ ನಿಲ್ಲಿಸಿದರು. ಮಳೆ ಕಡಿಮೆಯಾಗಿದೆ. ಬಿಸಿಲು ಹೆಚ್ಚಿ ನೀರು ಆವಿಯಾಗುತ್ತಿದೆ. ಕೊಳವೆಬಾವಿಗಳು ಅಂತರ್ಜಲ ಹೀರಿವೆ. ನೀಲಗಿರಿ ತೋಪುಗಳು ನೀರು ಕುಡಿದಿವೆ. ಚೆಕ್ ಡ್ಯಾಂಗಳೂ ಅಡ್ಡಕಟ್ಟೆಗಳೂ ಹೊಳೆಯನ್ನು ತುಂಡುತುಂಡು ಮಾಡಿವೆ. ಹೀಗೆ ಐದು ಆರೋಪಿಗಳು. ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ವಿಚಾರಿಸಲಾಯಿತು.

ಕಾರಣ ಹುಡುಕುವ ಕೆಲಸದ ಜೀವಾಳ ಇಲ್ಲಿದೆ. ಒಂದು ಸಂಗತಿ ಇನ್ನೊಂದಕ್ಕೆ ಕಾರಣ ಎನ್ನಬೇಕಾದರೆ ಎರಡೂ ಜೊತೆಗೆ ಕಂಡವು ಎಂಬುದು ಸಾಲದು. ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಆಗುತ್ತಿತ್ತೇ ಎಂದು ಕೇಳಬೇಕು. ಮಳೆ ಕಡಿಮೆಯಾದದ್ದರಿಂದಲೇ ನದಿ ಬತ್ತಿದ್ದರೆ, ದಶಕಗಳ ಮಳೆ ದಾಖಲೆಯಲ್ಲಿ ಇಳಿಕೆ ಕಾಣಬೇಕು. ಮಳೆ ಹೆಚ್ಚಾಗಿ ಬಿದ್ದ ವರ್ಷ ನದಿ ಹಿಂದಿನಂತೆಯೇ ಹರಿಯಬೇಕು. ಅರ್ಕಾವತಿಯ ವಿಷಯದಲ್ಲಿ ಈ ಎರಡೂ ನಡೆಯಲಿಲ್ಲ. ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ ಎಂಬ ಏರಿಳಿತ ಈ ಸೀಮೆಗೆ ಹಳೆಯದು. ನದಿಯ ಕುಸಿತವನ್ನು ವಿವರಿಸುವಷ್ಟು ಮಳೆ ಇಳಿದಿರಲಿಲ್ಲ. ಏರಿದ ತಾಪಮಾನವೂ ಅಷ್ಟು ನೀರನ್ನು ಕಾಣೆಯಾಗಿಸುವಷ್ಟು ದೊಡ್ಡದಿರಲಿಲ್ಲ. ಸಂಶೋಧಕರು ತಲುಪಿದ ತೀರ್ಮಾನವಿದು: ಹವಾಮಾನಕ್ಕಿಂತ ಅಂತರ್ಜಲದ ಬಳಕೆ ಮತ್ತು ನೀಲಗಿರಿಯ ವಿಸ್ತರಣೆ, ಅವುಗಳ ನಂತರ ಸ್ವಲ್ಪ ಮಟ್ಟಿಗೆ ಹೊಳೆಪಾತ್ರದ ಅಡ್ಡಿಗಳೇ ಕಾರಣವಾಗಿರುವ ಸಾಧ್ಯತೆ ಬಹಳ ಹೆಚ್ಚು.

‘ಹಾಗಾದರೆ 2022ರಲ್ಲಿ ಭಾರೀ ಮಳೆ ಸುರಿದಾಗ ಹೆಸರಘಟ್ಟ ಕೆರೆ ಮೈದುಂಬಿಕೊಂಡಿತಲ್ಲ? ಮಳೆಯೇ ಕಾರಣ ಎಂದಾಯಿತಲ್ಲ?’ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಬೆಂಗಳೂರು ಕಂಡ ಅತಿ ಹೆಚ್ಚು ಮಳೆಯ ವರ್ಷಗಳಲ್ಲಿ ಅದೂ ಒಂದು. ಅಂಥ ಅಸಾಧಾರಣ ಮಳೆ ಕೆರೆ ತುಂಬಿಸಬಲ್ಲದು, ಸಂದೇಹವಿಲ್ಲ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಸಾಧಾರಣ ಮಳೆಗೇ ನದಿ ಹರಿಯುತ್ತಿತ್ತು. ಸಾಧಾರಣ ಮಳೆ ಮಾಡುತ್ತಿದ್ದ ಕೆಲಸಕ್ಕೆ ಈಗ ಅಸಾಧಾರಣ ಮಳೆಯೇ ಬೇಕಾಗಿದೆ ಎಂದಾದರೆ, ಬದಲಾದದ್ದು ಮೋಡದಲ್ಲಿಲ್ಲ, ನೆಲದಲ್ಲಿದೆ.

ನೆಲದಡಿಯ ಉಳಿತಾಯ

ನೆಲದಲ್ಲಿ ಬದಲಾದದ್ದೇನು? ಬಯಲುಸೀಮೆಯ ಈ ಭಾಗದಲ್ಲಿ ಅಡಿಯಲ್ಲಿರುವುದು ಗಟ್ಟಿ ಬಂಡೆ. ಅದರ ಮೇಲೆ ಶಿಥಿಲಗೊಂಡ ಕಲ್ಲು ಮತ್ತು ಮೊರಂನ ಒಂದು ಪದರವಿದೆ. ಮಳೆನೀರು ಇಂಗಿ ನಿಲ್ಲುತ್ತಿದ್ದುದು ಅಲ್ಲಿ. ತೆರೆದ ಬಾವಿಗಳಿಗೆ ಕಪಿಲೆ ಕಟ್ಟಿ ರೈತರು ಎತ್ತುತ್ತಿದ್ದುದು ಈ ನೀರನ್ನೇ. ತಲಪರಿಗೆಗಳಲ್ಲಿ ಜಿನುಗುತ್ತಿದ್ದುದೂ ಈ ನೀರೇ. ಮಳೆ ನಿಂತು ತಿಂಗಳುಗಳಾದರೂ ಹೊಳೆಯಲ್ಲಿ ಸಣ್ಣಗೆ ಹರಿಯುತ್ತಿದ್ದುದೂ ಇದೇ.

ಸಂಬಳ ಮತ್ತು ಉಳಿತಾಯದ ಲೆಕ್ಕ ಇದಕ್ಕೆ ಹೊಂದುತ್ತದೆ. ಮಳೆ ನದಿಯ ಸಂಬಳ, ಅಂತರ್ಜಲ ಅದರ ಉಳಿತಾಯ. ಸಂಬಳ ಎಂದಿನಂತೆ ಬರುತ್ತಿದ್ದರೂ ಉಳಿತಾಯ ಬರಿದಾಗಿ ಮೇಲೆ ಸಾಲವೂ ಏರಿದ್ದರೆ ಕೈಗೆ ಬಂದ ಹಣವೆಲ್ಲ ಆ ಹಳ್ಳ ತುಂಬುವುದಕ್ಕೇ ಹೋಗುತ್ತದೆ. ಅಂತರ್ಜಲದ ಮಟ್ಟ ಹೊಳೆಯ ತಳಕ್ಕಿಂತ ಮೇಲಿದ್ದಾಗ ನೆಲ ಹೊಳೆಗೆ ನೀರು ಕೊಡುತ್ತದೆ. ಮಟ್ಟ ತಳಕ್ಕಿಂತ ಕೆಳಗಿಳಿದ ದಿನದಿಂದ ಲೆಕ್ಕ ತಿರುಗುತ್ತದೆ, ಹೊಳೆಯ ನೀರನ್ನೇ ನೆಲ ಕುಡಿಯತೊಡಗುತ್ತದೆ. ಮಳೆ ಅಷ್ಟೇ ಬಿದ್ದರೂ ಜಲಾಶಯ ತಲುಪುವ ಪಾಲು ಕುಗ್ಗುತ್ತದೆ. ಮಳೆಗಾಲದ ಹದಗಳು ಒಂದೊಂದಾಗಿ ಬಂದು ಹೋಗುತ್ತವೆ, ಹೊಳೆ ಮಾತ್ರ ಹರಿಯುವುದಿಲ್ಲ.

ಆ ಉಳಿತಾಯ ಖಾಲಿಯಾದ ಬಗೆ ನಮಗೆಲ್ಲ ಗೊತ್ತು. ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಸಾವಿರ ಅಡಿ ದಾಟಿ ಇಳಿಯಬೇಕಾಯಿತು. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತ. ಸಾಲ ಮಾಡಿ ಕೊರೆಸಿದ ರೈತ ಕರೆಂಟು ಇದ್ದಷ್ಟು ಹೊತ್ತೂ ಮೋಟಾರ್ ಓಡಿಸುತ್ತಾನೆ, ಅವನ ಕಷ್ಟ ಅವನಿಗೆ. ನಗರದ ಬಡಾವಣೆಗಳೂ ಅಪಾರ್ಟ್‌ಮೆಂಟ್‌ಗಳೂ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳೂ ತಮ್ಮ ಪಾಲಿನ ನೀರನ್ನು ಎತ್ತುತ್ತಲೇ ಬಂದಿವೆ.

ಇನ್ನು ನೀಲಗಿರಿ. ಟಿಪ್ಪು ಸುಲ್ತಾನ್ ಕಾಲದಲ್ಲಿ, 1790ರ ಸುಮಾರಿಗೆ, ಅದು ನಮ್ಮ ನಾಡಿಗೆ ಮೊದಲು ಬಂದದ್ದು ನಂದಿಬೆಟ್ಟಕ್ಕೆ ಎಂಬ ಮಾತಿದೆ. ಅರ್ಕಾವತಿ ಹುಟ್ಟುವ ಬೆಟ್ಟ ಅದು. ಆಗ ಅದು ಕೆಲವು ಗಿಡಗಳ ಮಾತು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಕೋಲಾರ, ಬೆಂಗಳೂರು ಗ್ರಾಮಾಂತರದ ರಾಗಿ ಹೊಲಗಳೇ ತೋಪುಗಳಾದವು. ಕೂಲಿಯಾಳು ಸಿಗದ, ಮಳೆ ನಂಬಲಾಗದ ರೈತನಿಗೆ ಅದು ನೆಟ್ಟು ಮರೆಯಬಹುದಾದ ಬೆಳೆ. ರಾಗಿ ಕೆಲವೇ ತಿಂಗಳು ನೀರು ಕುಡಿದು ಕೊಯ್ಲಾಗುತ್ತದೆ. ನೀಲಗಿರಿ ವರ್ಷವಿಡೀ ಹಸಿರಾಗಿದ್ದು, ಬೇರನ್ನು ಆಳಕ್ಕೆ ಬಿಟ್ಟು, ಕೆಳಗೆ ಇಂಗಬೇಕಾದ ನೀರನ್ನು ದಾರಿಯಲ್ಲೇ ಹಿಡಿಯುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಇಷ್ಟೆಲ್ಲ ಕಣ್ಣೆದುರೇ ನಡೆದರೂ ನಾವು ಮಳೆಯನ್ನೇ ದೂರಿದ್ದೇಕೆ? ಮಳೆ ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ, ಎಲ್ಲರ ನೆನಪಲ್ಲೂ ಉಳಿಯುತ್ತದೆ. ಅಂತರ್ಜಲ ಕಾಣುವುದಿಲ್ಲ. ಸಾವಿರಾರು ಬಾವಿಗಳಲ್ಲಿ ಒಂದೊಂದೂ ಎತ್ತುವುದು ಸ್ವಲ್ಪವೇ. ‘ನನ್ನ ಒಂದು ಬೋರ್‌ವೆಲ್‌ನಿಂದ ಹೊಳೆ ಬತ್ತುತ್ತದೆಯೇ?’ ಎಂದು ಯಾರು ಕೇಳಿದರೂ ಅದು ನ್ಯಾಯವಾದ ಪ್ರಶ್ನೆಯಂತೆಯೇ ಕೇಳುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಇಪ್ಪತ್ತು ಮೂವತ್ತು ವರ್ಷಗಳ ಅಂತರವಿತ್ತು. ತೋಟದಲ್ಲಿ ಮೋಟಾರ್ ಚಾಲೂ ಆದ ದಿನ ಯಾವ ನದಿಯೂ ನಿಲ್ಲಲಿಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲಾಗಿ ಕೈಕೊಟ್ಟಾಗಲೂ ಹಿಂದಿನ ವರ್ಷದ ಬರವೇ ಕಾರಣವೆಂದೆವು. 2023ರ ಬರ ಸುಳ್ಳಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು. ಆದರೆ ಬರ ಈ ನಾಡಿಗೆ ಹೊಸದಲ್ಲ, ಒಂದು ಮಳೆಗಾಲ ತಪ್ಪಿದರೂ ತಡೆದುಕೊಳ್ಳಲಿ ಎಂದೇ ಹಿರಿಯರು ಕೆರೆ ಕಟ್ಟೆಗಳ ಸಾಲು ಕಟ್ಟಿದ್ದರು. ಒಂದೇ ವರ್ಷದ ಬರಕ್ಕೆ ಊರು ಕುಸಿದರೆ ಬರ ಆ ಕ್ಷಣದ ನೆಪ. ತಡೆದುಕೊಳ್ಳುವ ಶಕ್ತಿಯನ್ನು ನಾವು ಮೊದಲೇ ಕಳೆದುಕೊಂಡಿದ್ದೇವೆ ಎಂಬುದು ಕಾರಣ. ಈ ಎರಡನ್ನು ಬೇರೆ ಬೇರೆಯಾಗಿ ಕಾಣದೆ ಹೋದರೆ ಮುಂದಿನ ಮಳೆ ಬಿದ್ದೊಡನೆ ಎಲ್ಲವನ್ನೂ ಮರೆಯುತ್ತೇವೆ. ಪ್ರತಿ ಸಲವೂ ಹೀಗೇ ಮರೆಯುತ್ತ ಬಂದಿದ್ದೇವೆ.

ಹಲ್ಲಿನ ಕಲೆ, ಮೂಳೆಯ ನೋವು

ನದಿಯ ವಿಷಯದಲ್ಲಿ ತಪ್ಪಿದ್ದು ದೇಹದ ವಿಷಯದಲ್ಲೂ ತಪ್ಪುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಕಾಣುತ್ತವೆ. ಅಪ್ಪನಿಗೂ ಹಾಗೇ, ಅಣ್ಣನಿಗೂ ಹಾಗೇ. ಮನೆಮಂದಿಗೆಲ್ಲ ಇದ್ದದ್ದು ಮನೆತನದಿಂದ ಬಂದದ್ದು ಎಂದು ಅನ್ನಿಸುವುದು ಸಹಜ. ಆದರೆ ಆ ಮನೆಯವರೆಲ್ಲ ರಕ್ತ ಹಂಚಿಕೊಂಡಂತೆ ನೀರನ್ನೂ ಹಂಚಿಕೊಂಡಿದ್ದಾರೆ. ಆಳದ ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಕಲ್ಲಿನ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕೂ ಮೀರಿದ ನೀರನ್ನು ಮಗು ಹಲ್ಲು ರೂಪುಗೊಳ್ಳುವ ಮೊದಲ ಏಳೆಂಟು ವರ್ಷಗಳಲ್ಲಿ ಕುಡಿದರೆ ಕಲೆ ನಿಲ್ಲುತ್ತದೆ. ವರ್ಷಾನುಗಟ್ಟಲೆ ಹೆಚ್ಚು ಪ್ರಮಾಣದಲ್ಲಿ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ನದಿಯನ್ನು ಬತ್ತಿಸಿದ ಆಳದ ಕೊಳವೆಬಾವಿಯೇ ಹಳ್ಳಿಯ ಬಾಯಿಗೆ ಈ ನೀರನ್ನೂ ತಂದಿತು.

ಇದಕ್ಕೆ ತದ್ವಿರುದ್ಧ ಕತೆ ಮಲೆನಾಡಿನದು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ತೀವ್ರ ನೋವು ಹೊರಜಗತ್ತಿನ ಕಣ್ಣಿಗೆ ಬಿತ್ತು. ನಡೆಯುತ್ತಿದ್ದವರು ತೆವಳುವಂತಾದರು. ಕೆಲವರ ಬೆಳವಣಿಗೆಯೇ ಕುಂಠಿತವಾಯಿತು. ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಯ ಮೈಸೇರಿ, ಏಡಿ ತಿಂದವರ ಮೂಳೆ ಸೇರಿತು ಎಂಬ ವಿವರಣೆ ಹಬ್ಬಿತು. ಕೀಟನಾಶಕ ಆಗ ಹೊಸದು, ಏಡಿ ಬಡವರ ಆಹಾರ, ಕಾಯಿಲೆ ಬಡವರದು. ಮೂರೂ ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡವು. ಆದರೆ ಅದೇ ಗದ್ದೆಯ ಏಡಿ ತಿಂದ ಬೇರೆಯವರಿಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಉಳಿದೇ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ತಜ್ಞರು 1977ರಲ್ಲೇ ಇದು ಕುಟುಂಬಗಳ ಒಳಗೆ ಸಾಗುವ ಕಾಯಿಲೆ ಎಂಬುದರ ಕಡೆ ಬೊಟ್ಟು ಮಾಡಿದ್ದರು. 1990ರ ದಶಕದ ಅಧ್ಯಯನಗಳು ಅದನ್ನು ಇನ್ನಷ್ಟು ಖಚಿತಪಡಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಮೂಳೆಯ ಬೆಳವಣಿಗೆಯನ್ನು ಕೆಡಿಸುವ ಆನುವಂಶಿಕ ದೋಷ ಅದು.

ಒಂದು ಕಡೆ ರಕ್ತದ್ದು ಅಂದುಕೊಂಡದ್ದು ನೀರಿನದಾಗಿತ್ತು. ಇನ್ನೊಂದು ಕಡೆ ಆಹಾರದ್ದು ಅಂದುಕೊಂಡದ್ದು ರಕ್ತದ್ದಾಗಿತ್ತು. ಹೊರಗಿನಿಂದ ನೋಡುವವರಿಗೆ ಎರಡೂ ‘ಒಂದೇ ಮನೆಯ ಹಲವರಿಗೆ ಮೂಳೆಯ ತೊಂದರೆ’. ಬೇರ್ಪಡಿಸುವ ದಾರಿ ಒಂದೇ: ಕಾಯಿಲೆ ಇರುವವರನ್ನಷ್ಟೇ ನೋಡದೆ ಕಾಯಿಲೆ ಇಲ್ಲದವರನ್ನೂ ನೋಡುವುದು. ಹಲ್ಲಿನ ಕಲೆಯ ಹಳ್ಳಿಗೆ ಮದುವೆಯಾಗಿ ಬಂದ ಸೊಸೆಯ ಹಲ್ಲು ಹೇಗಿದೆ? ಅವಳು ಬೆಳೆದದ್ದು ಬೇರೆ ನೀರಿನಲ್ಲಿ. ಅವಳಿಗೆ ಕಲೆಯಿಲ್ಲದೆ ಅವಳ ಮಕ್ಕಳಿಗೆ ಕಲೆಯಿದ್ದರೆ, ಹಳ್ಳಿಯಿಂದ ಪೇಟೆಗೆ ಹೋಗಿ ಬೆಳೆದ ಭಾವನ ಮಕ್ಕಳಿಗೂ ಕಲೆಯಿಲ್ಲದಿದ್ದರೆ, ಸುಳಿವು ನೀರಿನ ಕಡೆಗೆ ತೋರುತ್ತದೆ. ಇಂಥ ಪ್ರಶ್ನೆಗೆ ಪ್ರಯೋಗಾಲಯ ಬೇಕಿಲ್ಲ. ಮನೆಯ ಹಿರಿಯರೇ ಕೇಳಿ ಉತ್ತರ ಕಂಡುಕೊಳ್ಳಬಹುದು.

ಇನ್ನೊಂದು ಬಗೆಯ ತಪ್ಪನ್ನು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ತೋರಿಸಿತು. 1957ರಲ್ಲಿ ಅಲ್ಲಿ ಮಂಗಗಳು ಸತ್ತವು, ಮನುಷ್ಯರಿಗೂ ಜ್ವರ ಬಂತು. ಮಂಗದಿಂದ ಮನುಷ್ಯರಿಗೆ ಬಂತೆಂದು ಎನಿಸುವುದು ಸುಲಭ. ವಾಸ್ತವದಲ್ಲಿ ಕಾಡಿನ ಉಣುಗು ಒಂದೇ ವೈರಸ್ಸನ್ನು ಇಬ್ಬರಿಗೂ ದಾಟಿಸುತ್ತಿತ್ತು. ಸತ್ತ ಮಂಗ ಎಚ್ಚರಿಕೆಯ ಗಂಟೆ. ಆ ಜಾಗಕ್ಕೆ ಹೋಗಬೇಡಿ, ಉಣುಗು ಅಲ್ಲಿದೆ ಎಂದು ಅದು ಹೇಳುತ್ತದೆ. ಸಿಟ್ಟಾಗಿ ಮಂಗಗಳನ್ನು ಓಡಿಸಿದ ಮಾತ್ರಕ್ಕೆ ಉಣುಗು ಹೋಗುವುದಿಲ್ಲ.

ಇಂಜೆಕ್ಷನ್ ಕೊಟ್ಟರು, ಜ್ವರ ಬಿಟ್ಟಿತು

ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಓಣಿಗಳಲ್ಲಿ ದಿನಗೂಲಿಗೂ ಗಾರ್ಮೆಂಟ್ಸ್ ಕೆಲಸಕ್ಕೂ ಹೋಗುವವರಿಗೆ ಜ್ವರ ಬಂದರೆ ಒಂದು ದಿನ ಮನೆಯಲ್ಲಿ ಕೂರುವುದೂ ಕಷ್ಟ. ಮೂರನೇ ದಿನ ಮೈ ಕಾವೇರಿದಾಗ ಕ್ಲಿನಿಕ್‌ಗೆ ಹೋಗುತ್ತಾರೆ, ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಎನ್ನುತ್ತಾರೆ. ಐದನೇ ದಿನ ಜ್ವರ ಬಿಡುತ್ತದೆ. ಇಂಜೆಕ್ಷನ್‌ಗೆ ಹೆಸರು ಬರುತ್ತದೆ. ಆದರೆ ಸಾಮಾನ್ಯ ವೈರಲ್ ಜ್ವರ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುವುದೂ ಅದೇ ಹೊತ್ತಿಗೆ. ನಾವು ವೈದ್ಯರ ಬಳಿಗೆ ಹೋಗುವುದು ಕಾಯಿಲೆ ಏರಿ ತುದಿ ಮುಟ್ಟಿದಾಗ. ತುದಿಯಿಂದ ಇಳಿಯುವುದು ಬಹುಪಾಲು ಕಾಯಿಲೆಗಳ ಸ್ವಭಾವ. ಇಳಿಯುವಾಗ ಕೈಯಲ್ಲಿ ಏನಿತ್ತೋ, ಮಾತ್ರೆಯೋ ತಾಯಿತವೋ ಕಷಾಯವೋ, ಅದಕ್ಕೆ ಪುಣ್ಯ ಸಲ್ಲುತ್ತದೆ.

ಇದರಿಂದ ನಷ್ಟವೇನೂ ಇಲ್ಲ ಎನ್ನುವಂತಿಲ್ಲ. ವೈರಸ್‌ನ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಬೇಡದ ಕಡೆ ಬಳಸಿದಷ್ಟೂ ಬ್ಯಾಕ್ಟೀರಿಯಾಗಳು ಅದನ್ನು ಎದುರಿಸುವ ಶಕ್ತಿ ಗಳಿಸುತ್ತವೆ. ನಿಜವಾಗಿ ಬೇಕಾದ ದಿನ ಆ ಔಷಧಿ ಮೊಂಡಾಗಿರುತ್ತದೆ. ಇಲ್ಲೂ ಕೊಳವೆಬಾವಿಯ ಲೆಕ್ಕವೇ: ಒಬ್ಬೊಬ್ಬರ ಬಳಕೆ ಚಿಕ್ಕದು, ಒಟ್ಟು ಪರಿಣಾಮ ದೊಡ್ಡದು, ಬೆಲೆ ತೆರುವವರು ಬೇರೆ ಯಾರೋ. ಎಲ್ಲ ಜ್ವರವೂ ತಾನಾಗಿ ಹೋಗುತ್ತದೆ ಎಂದೂ ತಿಳಿಯಬಾರದು. ಡೆಂಗಿಯಲ್ಲಿ ಜ್ವರ ಇಳಿದ ಹೊತ್ತೇ ಕೆಲವರಿಗೆ ಅಪಾಯದ ಹೊತ್ತು. ‘ಜ್ವರ ಬಿಟ್ಟಿತು, ಆದ್ದರಿಂದ ವಾಸಿಯಾಯಿತು’ ಎಂಬ ಆತುರದ ತೀರ್ಮಾನವೂ ಜೀವ ತೆಗೆಯಬಲ್ಲದು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಗಾದೆಯನ್ನೇ ಕಟ್ಟಿಟ್ಟಿದ್ದಾರೆ. ಪ್ರಶ್ನೆ ಕೇಳುವ ಬುದ್ಧಿ ನಮಗೆ ಹೊರಗಿನಿಂದ ಬಂದದ್ದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯ ಜೀವಮಾನವಿಡೀ ಅದನ್ನೇ ಕಲಿಸಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿದರು. ಯಾವ ಮಾತನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ನಿಲುವಿನ ತಿರುಳು. ಪವಾಡವನ್ನು ಪ್ರಶ್ನಿಸುವ ಅದೇ ಧೈರ್ಯ ನೀರಿನ ವಿಷಯದಲ್ಲೂ ಔಷಧಿಯ ವಿಷಯದಲ್ಲೂ ಬೇಕು.

ಕಾರಣ ಸಿಕ್ಕರೆ ಕೆಲಸ ಸಿಗುತ್ತದೆ

ಕಾರಣ ತಿಳಿಯುವುದು ಬರಿಯ ಜ್ಞಾನದ ಮಾತಲ್ಲ, ದುಡ್ಡು ಮತ್ತು ದುಡಿಮೆ ಎಲ್ಲಿಗೆ ಹೋಗಬೇಕು ಎಂಬುದರ ಮಾತು. ಮಳೆಯೇ ಕಾರಣ ಎಂದುಕೊಂಡ ಸರ್ಕಾರ ಮೋಡ ಬಿತ್ತನೆಗೆ ವಿಮಾನ ಹಾರಿಸುತ್ತದೆ. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರಿ’ ಎಂಬ ಹೆಸರಿನಲ್ಲಿ ಹಾರಿಸಿದೆ ಕೂಡ. ಹೊಳೆಪಾತ್ರದ ಅಡ್ಡಿಯೊಂದೇ ಕಾರಣ ಎಂದುಕೊಂಡರೆ ಹೂಳೆತ್ತಿ, ಜಾಲಿ ಕಡಿದು, ನದಿ ಪುನಶ್ಚೇತನವಾಯಿತು ಎಂದು ಬೋರ್ಡ್ ಹಾಕಬಹುದು. ಆ ಕೆಲಸ ಬೇಡವೆಂದಲ್ಲ. ಆದರೆ ಅಂತರ್ಜಲ ತಳಮುಟ್ಟಿರುವಾಗ ಸ್ವಚ್ಛ ಕಾಲುವೆಯೂ ಒಣ ಕಾಲುವೆಯೇ. ಪಶ್ಚಿಮಘಟ್ಟದಿಂದ 24 ಟಿಎಂಸಿ ಅಡಿ ನೀರು ತರುವ ಎತ್ತಿನಹೊಳೆಯಂಥ ಯೋಜನೆಯ ನೀರನ್ನೂ, ಮೇಲಕ್ಕೆತ್ತುವ ವೇಗ ಹೀಗೇ ಇದ್ದರೆ, ಬತ್ತಿದ ನೆಲ ಕುಡಿದು ಮುಗಿಸುತ್ತದೆ.

ಉಲ್ಟಾ ದಿಕ್ಕಿನ ಸಾಕ್ಷಿಯೂ ನಮ್ಮಲ್ಲೇ ಇದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರಿನ ಗುಣಮಟ್ಟದ ಬಗ್ಗೆ ರೈತರು ಎತ್ತಿರುವ ಪ್ರಶ್ನೆಗಳಿಗೆ ಉತ್ತರ ಸಿಗಲೇಬೇಕು. ಆದರೆ ಒಣಗಿದ್ದ ಕೆರೆಗಳು ತುಂಬಿ ನಿಂತ ಕಡೆ ಸುತ್ತಲ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಅಲ್ಲಿನವರು ಕಂಡಿದ್ದಾರೆ. ನೆಲಕ್ಕೆ ಕೊಟ್ಟರೆ ನೆಲ ಹಿಂದಿರುಗಿಸುತ್ತದೆ. ಕಾರಣವನ್ನು ಸರಿಯಾಗಿ ಹಿಡಿದಿದ್ದೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮಾಡಬೇಕಾದ ಕೆಲಸಗಳು ಅಪರಿಚಿತವಲ್ಲ. ಅಂತರ್ಜಲ ಬಳಕೆಯನ್ನು ನಿಯಂತ್ರಿಸುವ ಕಾಯ್ದೆ 2011ರಿಂದ ರಾಜ್ಯದಲ್ಲಿದೆ. ಕೊಳವೆಬಾವಿಗಳ ನೋಂದಣಿ ಕಾಗದದಲ್ಲಿ ಉಳಿಯದೆ ಪ್ರತಿ ಪಂಚಾಯಿತಿ, ಪ್ರತಿ ವಾರ್ಡ್‌ನ ಲೆಕ್ಕವಾಗಬೇಕು. ಎಷ್ಟು ಬಾವಿಗಳಿವೆ, ನೀರು ಯಾವ ಆಳದಲ್ಲಿದೆ ಎಂಬುದು ಮಳೆಯ ಅಂಕಿಯಂತೆ ಎಲ್ಲರ ಕಣ್ಣಿಗೂ ಬೀಳಬೇಕು. ಕಾಣದ ಕಾರಣವನ್ನು ಕಾಣುವಂತೆ ಮಾಡುವುದೇ ಮೊದಲ ಮದ್ದು. ನೀಲಗಿರಿ ಕಿತ್ತ ರೈತನಿಗೆ ಬೇರೆ ಆದಾಯದ ದಾರಿ ಇರಬೇಕು. ನೀರು ಉಳಿಸಿದ ರೈತನಿಗೆ ಅದರಿಂದ ಲಾಭವಾಗುವಂತಿರಬೇಕು. ನಗರದವರು ಬಳಸಿದ ನೀರನ್ನು ಮತ್ತೆ ಬಳಸಬೇಕು, ಚಾವಣಿಯ ನೀರನ್ನು ಇಂಗಿಸಬೇಕು. ಶಾಲೆಯಲ್ಲಿ ಮಕ್ಕಳು ಜಲಚಕ್ರದ ಚಿತ್ರ ಬರೆಯುವಾಗ ಮೋಡ, ನದಿ, ಸಮುದ್ರದ ಜೊತೆಗೆ ತಮ್ಮ ಬೀದಿಯ ಬೋರ್‌ವೆಲ್ಲನ್ನೂ ಬರೆಯಬೇಕು.

ಮಳೆಯನ್ನು ದೂರುವುದರಲ್ಲಿ ಒಂದು ಸಮಾಧಾನವಿದೆ. ಮಳೆ ನಮ್ಮ ಕೈಯಲ್ಲಿಲ್ಲ, ಹಾಗಾಗಿ ಮಾಡುವುದಕ್ಕೆ ಏನೂ ಇಲ್ಲ. ಅರ್ಕಾವತಿಯ ವಿಚಾರಣೆ ಆ ಸಮಾಧಾನವನ್ನು ಕಿತ್ತುಕೊಂಡು ಅದಕ್ಕಿಂತ ದೊಡ್ಡದೊಂದನ್ನು ಕೊಟ್ಟಿದೆ. ಆಕಾಶದ ತಪ್ಪಿನಿಂದ ನದಿ ಬತ್ತಿದ್ದರೆ ಕೈಮುಗಿಯುವುದೊಂದೇ ದಾರಿ ಇರುತ್ತಿತ್ತು. ಮನುಷ್ಯರ ಲಕ್ಷಾಂತರ ಚಿಕ್ಕ ತೀರ್ಮಾನಗಳಿಂದ ಬತ್ತಿದ್ದರಿಂದಲೇ, ಅಷ್ಟೇ ಚಿಕ್ಕ ತೀರ್ಮಾನಗಳಿಂದ ಅದನ್ನು ಮರಳಿ ಹರಿಸುವ ಸಾಧ್ಯತೆಯೂ ಉಳಿದಿದೆ. ಕಾರಣ ನಾವೇ ಎಂಬುದು ಈ ವಿಚಾರಣೆಯಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಭರವಸೆಯ ಸುದ್ದಿ.